ವಯಸ್ಸಾದ ನಾಯಿಯ ಮೈಮೇಲಿನ ಗಂಟುಗಳು: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ವಯಸ್ಸಾದ ನಾಯಿಗಳ ಮೈಮೇಲೆ ಏಳುವ ಗಂಟು ಮತ್ತು ನರಹುಲಿಗಳ ಬಗ್ಗೆಯೇ ಇರುವುದರಿಂದ ಅವಕ್ಕೆಲ್ಲ ಇಲ್ಲಿ ಒಟ್ಟಾಗಿ ಉತ್ತರಿಸಿದ್ದೇನೆ. ಸಾಗರದಿಂದ ಬಂದ ಪತ್ರಕ್ಕೆ ಬರೆದ ಉತ್ತರ ದೀರ್ಘವಾಗಿದೆ. ಪರೀಕ್ಷೆಯ ವಿವರಗಳೆಲ್ಲ ಅದರಲ್ಲೇ ಇರುವುದರಿಂದ ಉಳಿದವರೂ ಅದನ್ನು ಮೊದಲು ಓದಬೇಕೆಂದು ವಿನಂತಿಸುತ್ತೇನೆ.

ಪ್ರಶ್ನೆ: ಮಾನ್ಯ ಡಾಕ್ಟರಿಗೆ ನಮಸ್ಕಾರಗಳು. ನಮ್ಮ ಮನೆಯ ಲ್ಯಾಬ್ರಡಾರ್ ನಾಯಿ ಕರಿಯನಿಗೆ ಈಗ 12 ವರ್ಷ, ತೂಕ 38 ಕಿಲೋ. ಅವನ ಎದೆಗೂಡಿನ ಎಡಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ, ಮೆತ್ತಗಿನ ಗಂಟೊಂದು ಎರಡು ವರ್ಷಗಳಿಂದ ಇದೆ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಬಲ ಮುಂಗಾಲಿನ ಕಂಕುಳಲ್ಲಿ ಅಂಥದೇ ಇನ್ನೊಂದು ಕೈಗೆ ಸಿಕ್ಕಿತು. ಇವಲ್ಲದೆ ಬೆನ್ನಿನ ಮೇಲೆ ಮತ್ತು ಕಿವಿಯ ಹಿಂದೆ ನರಹುಲಿಯಂಥ ನಾಲ್ಕೈದು ಗುಳ್ಳೆಗಳಿದ್ದು, ಅವುಗಳಲ್ಲಿ ಒಂದು ಬಾಚುವಾಗ ಹಣಿಗೆಗೆ ಸಿಕ್ಕಿ ರಕ್ತ ಬಂತು. ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ, ಮುಟ್ಟಲು ಹೋಗಬೇಡಿ ಎಂದು ಊರಿನವರು ಹೇಳುತ್ತಾರೆ. ಬೆಂಗಳೂರಿನಲ್ಲಿರುವ ಮಗ ಎಲ್ಲವನ್ನೂ ಒಂದೇ ಸಲ ಆಪರೇಷನ್ ಮಾಡಿಸಿ ತೆಗೆಸಿಬಿಡಿ ಎನ್ನುತ್ತಾನೆ. ಈ ವಯಸ್ಸಿನಲ್ಲಿ ಅವನು ಅರಿವಳಿಕೆಯನ್ನು ತಡೆದುಕೊಂಡಾನೇ ಎಂಬುದು ನನ್ನ ಭಯ. ದಯವಿಟ್ಟು ದಾರಿ ತೋರಿಸಿ. – ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಗಂಟು ಎಲ್ಲಿದೆ, ಎಷ್ಟು ದೊಡ್ಡದಿದೆ, ಎಂದಿನಿಂದ ಇದೆ ಎಂಬ ಮೂರು ಸಂಗತಿಗಳನ್ನೂ ತಾವು ಬಿಡಿಬಿಡಿಯಾಗಿ ಬರೆದಿದ್ದೀರಿ. ನಾಯಿಯನ್ನು ಕರೆತಂದು ನನ್ನ ಮುಂದೆ ನಿಲ್ಲಿಸುವವರಲ್ಲಿ ಹಲವರಿಗೆ ಈ ಮೂರರಲ್ಲಿ ಒಂದಾದರೂ ಗೊತ್ತಿರುವುದಿಲ್ಲ. ಹಾಗಾಗಿ ಕರಿಯನ ವಿಷಯದಲ್ಲಿ ಅರ್ಧ ಕೆಲಸ ಆಗಲೇ ಮುಗಿದಿದೆ. ಉಳಿದ ಅರ್ಧವನ್ನು ಒಂದು ಸಣ್ಣ ಸೂಜಿ ಮಾಡಬೇಕು. ಊರಿನವರು ಹೇಳಿದ್ದಾಗಲಿ, ತಮ್ಮ ಮಗ ಹೇಳಿದ್ದಾಗಲಿ, ಗಂಟು ಯಾವ ಬಗೆಯದೆಂದು ತಿಳಿಯುವ ಮೊದಲೇ ಕೊಟ್ಟ ತೀರ್ಪು. ಇಬ್ಬರಿಗೂ ನಾಯಿಯ ಮೇಲೆ ಪ್ರೀತಿ ಇದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಆ ತೀರ್ಪನ್ನು ಕೊಡುವ ಕಾಲ ಇನ್ನೂ ಬಂದಿಲ್ಲ.

ಮೊದಲು ಎದೆಗೂಡಿನ ಗಂಟನ್ನು ನೋಡೋಣ. ಬೆರಳಿನಿಂದ ತಳ್ಳಿದರೆ ಚರ್ಮದ ಕೆಳಗೆ ಅತ್ತಿತ್ತ ಜಾರುವ, ಒತ್ತಿದರೆ ನೋಯದ, ಮೇಲಿನ ಚರ್ಮವೂ ಕೂದಲೂ ಎಂದಿನಂತೆಯೇ ಇರುವ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಮೆತ್ತಗಿನ ಗಂಟು ಬಹುಮಟ್ಟಿಗೆ ಕೊಬ್ಬಿನ ಗಂಟೇ ಆಗಿರುತ್ತದೆ. ಇದನ್ನು ನಾವು ಲೈಪೋಮಾ ಎಂದು ಕರೆಯುತ್ತೇವೆ. ನಡುವಯಸ್ಸು ದಾಟಿದ ನಾಯಿಗಳಲ್ಲಿ, ಅದರಲ್ಲೂ ಮೈ ತುಂಬಿಕೊಂಡ ಲ್ಯಾಬ್ರಡಾರ್ ಮತ್ತು ಡಾಬರ್‌ಮನ್ ತಳಿಗಳಲ್ಲಿ ಇದು ತೀರಾ ಸಾಮಾನ್ಯ. ಎದೆ, ಹೊಟ್ಟೆ, ಕಂಕುಳು, ತೊಡೆಸಂದು ಇದರ ಮೆಚ್ಚಿನ ಜಾಗಗಳು. ಇದು ದೇಹದ ಬೇರೆ ಕಡೆಗೆ ಹರಡುವುದಿಲ್ಲ. ಸ್ನಾಯುಗಳ ನಡುವೆ ನುಗ್ಗಿ ಬೆಳೆಯುವ ಒಂದು ಬಗೆಯ ಕೊಬ್ಬಿನ ಗಂಟೂ ಇದೆ. ಅದು ಹೀಗೆ ಜಾರದೆ ಒಳಗೆ ಬೇರುಬಿಟ್ಟಂತೆ ಗಟ್ಟಿಯಾಗಿ ಕೂತಿರುತ್ತದೆ, ತೆಗೆದರೂ ಮರುಕಳಿಸುವುದುಂಟು. ಅಂಥದು ಕಡಿಮೆ.

ಇಷ್ಟು ಲಕ್ಷಣಗಳಿದ್ದರೂ ನಾನು ‘ಬಹುಮಟ್ಟಿಗೆ’ ಎಂದು ಬರೆದದ್ದಕ್ಕೆ ಕಾರಣವಿದೆ. ನಾಯಿಗಳ ಚರ್ಮದಲ್ಲಿ ಮಾಸ್ಟ್ ಸೆಲ್ ಗೆಡ್ಡೆ ಎಂಬ ಕ್ಯಾನ್ಸರ್ ಆಗುತ್ತದೆ. ಚರ್ಮದ ಕ್ಯಾನ್ಸರುಗಳಲ್ಲಿ ಇದು ಬಹಳ ಹೆಚ್ಚಾಗಿ ಕಾಣಸಿಗುವಂಥದು. ಅದಕ್ಕೆ ತನ್ನದೇ ಆದ ಒಂದು ರೂಪವೆಂಬುದಿಲ್ಲ. ಒಮ್ಮೆ ಕೆಂಪು ಗುಳ್ಳೆಯಂತೆ, ಒಮ್ಮೆ ನರಹುಲಿಯಂತೆ, ಇನ್ನೊಮ್ಮೆ ಥೇಟು ಕೊಬ್ಬಿನ ಗಂಟಿನಂತೆಯೇ ಮೆತ್ತಗೆ ಕೈಗೆ ಸಿಗುತ್ತದೆ. ನಾನು ಎಷ್ಟೋ ವರ್ಷಗಳಿಂದ ದಿನವೂ ನಾಯಿಗಳ ಮೈ ಸವರಿ ನೋಡುತ್ತ ಬಂದವನು. ಆದರೂ ಬರೀ ಕೈಯಿಂದ ಮುಟ್ಟಿ ‘ಇದು ಕೊಬ್ಬು’ ಎಂದು ಬರೆದುಕೊಡುವ ಧೈರ್ಯ ನನಗೆ ಇಂದಿಗೂ ಇಲ್ಲ. ಈ ಗಡ್ಡೆಯ ಜೀವಕೋಶಗಳಲ್ಲಿ ಊತ, ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿರುವುದರಿಂದ ಹಿಚುಕಿದಾಗ, ಕೆರೆದಾಗ ಸುತ್ತಲಿನ ಚರ್ಮ ಕೆಂಪೇರಿ ಊದಿಕೊಳ್ಳುತ್ತದೆ, ಗಾತ್ರ ಒಂದು ದಿನ ಹೆಚ್ಚಾಗಿ ಮರುದಿನ ಇಳಿಯುತ್ತದೆ, ಕೆಲವು ನಾಯಿಗಳಿಗೆ ವಾಂತಿ ಮತ್ತು ಕಪ್ಪು ಬಣ್ಣದ ಮಲವೂ ಆಗುತ್ತದೆ. ಯಾವ ಗಂಟನ್ನೂ ಮನೆಯಲ್ಲಿ ಹಿಚುಕಿ ನೋಡಬೇಡಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

ಸೂಜಿ ಪರೀಕ್ಷೆ ಎಂದರೆ ಗಾಬರಿಯಾಗಬೇಕಾದದ್ದೇನೂ ಇಲ್ಲ. ಚುಚ್ಚುಮದ್ದಿಗೆ ಬಳಸುವ 22 ಅಥವಾ 23 ಗೇಜಿನ ಸೂಜಿಯನ್ನೇ ಗಂಟಿನೊಳಗೆ ತೂರಿಸಿ, ಅದರ ಕೊಳವೆಯಲ್ಲಿ ಸಿಕ್ಕಿದ್ದನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಅರಿವಳಿಕೆ ಬೇಕಿಲ್ಲ, ಮನೆಯವರು ತಲೆ ಹಿಡಿದು ಒಂದೆರಡು ಬಿಸ್ಕತ್ತು ಕೊಡುವಷ್ಟರಲ್ಲಿ ಮುಗಿದಿರುತ್ತದೆ. ಕೊಬ್ಬಿನ ಗಂಟಾದರೆ ಒಗ್ಗರಣೆ ಬಾಣಲೆಯಿಂದ ಕಿಟಕಿಯ ಗಾಜಿಗೆ ಸಿಡಿದ ಎಣ್ಣೆಯಂತೆ ಹೊಳೆಯುವ ಹನಿಗಳು ಪಟ್ಟಿಯ ಮೇಲೆ ಕಾಣುತ್ತವೆ, ಎಷ್ಟು ಹೊತ್ತು ಬಿಟ್ಟರೂ ಒಣಗುವುದಿಲ್ಲ. ಬಣ್ಣ ಹಾಕುವ ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದಾಗ ಕೊಬ್ಬು ತೊಳೆದುಹೋಗುವುದರಿಂದ ಪಟ್ಟಿ ಹೆಚ್ಚುಕಡಿಮೆ ಖಾಲಿಯಾಗಿಯೇ ಕಾಣುವುದುಂಟು. ಮಾಸ್ಟ್ ಸೆಲ್ ಗೆಡ್ಡೆಯಾದರೆ ದುಂಡನೆಯ ಕೋಶಗಳೂ ಅವುಗಳ ಒಳಗೆ ಹಾಗೂ ಸುತ್ತಮುತ್ತ ರಾಗಿ ಚೆಲ್ಲಿದಂತೆ ನೇರಳೆ ಬಣ್ಣದ ಕಣಗಳೂ ಎದ್ದು ಕಾಣುತ್ತವೆ. ಒಂದು ಎಚ್ಚರಿಕೆ ಇದೆ: ನಾಯಿಯ ಚರ್ಮದ ಕೆಳಗೆ ಸಹಜವಾಗಿಯೇ ಕೊಬ್ಬಿನ ಪದರವಿರುವುದರಿಂದ, ಸೂಜಿ ಗಂಟನ್ನು ಮುಟ್ಟದೆ ಆ ಪದರದಲ್ಲೇ ನಿಂತರೂ ಪಟ್ಟಿಯ ಮೇಲೆ ಎಣ್ಣೆಯೇ ಬರುತ್ತದೆ. ಆದ್ದರಿಂದ ಒಂದೇ ಗಂಟಿಗೆ ಎರಡು ಮೂರು ಕಡೆಯಿಂದ ಸೂಜಿ ಹಾಕಲು ಕೇಳಿಕೊಳ್ಳಿ. ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಅನುಕೂಲವಿಲ್ಲದಿದ್ದರೆ ಗಾಳಿಯಲ್ಲಿ ಒಣಗಿಸಿದ ಪಟ್ಟಿಗಳನ್ನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ತೆಗೆದುಕೊಂಡು ಹೋಗಬಹುದು, ಇಲ್ಲವೇ ನಾಯಿಯನ್ನೇ ಅಲ್ಲಿಗೆ ಕರೆದೊಯ್ಯಬಹುದು. ಪಟ್ಟಿಗಳನ್ನು ಫಾರ್ಮಲಿನ್ (ಕತ್ತರಿಸಿದ ಮಾಂಸದ ತುಂಡು ಕೆಡದಂತೆ ಇಡುವ ದ್ರಾವಣ) ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ಇಡಬೇಡಿ. ಅದರ ಆವಿ ತಗುಲಿದರೆ ಪಟ್ಟಿಯ ಮೇಲಿನ ಕೋಶಗಳಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಎದೆಯ ಗಂಟಿಗೆ ಒಂದು ಪರೀಕ್ಷೆ, ಕಂಕುಳಿನದಕ್ಕೆ ಬೇರೆಯೇ ಪರೀಕ್ಷೆ ಆಗಬೇಕು. ಒಂದು ಕೊಬ್ಬಿನದೆಂದು ತಿಳಿದಾಕ್ಷಣ ಇನ್ನೊಂದೂ ಅದೇ ಎಂದು ತಿಳಿಯಲಾಗದು. ಒಂದೇ ನಾಯಿಯ ಮೈಮೇಲೆ ಆರು ಕೊಬ್ಬಿನ ಗಂಟುಗಳ ನಡುವೆ ಏಳನೆಯದು ಮಾಸ್ಟ್ ಸೆಲ್ ಆಗಿದ್ದ ಪ್ರಸಂಗವನ್ನು ನಾನು ಕಂಡಿದ್ದೇನೆ. ಅದನ್ನು ಕಂಡುಹಿಡಿದದ್ದು ನಾನಲ್ಲ. ಆರರ ಬಗ್ಗೆ ನಿಶ್ಚಿಂತೆಯಾಗಿದ್ದರೂ ಏಳನೆಯದನ್ನು ನೋಡಲೇಬೇಕು ಎಂದು ಹಟ ಹಿಡಿದು ನಾಯಿಯನ್ನು ಕರೆತಂದ ಆ ಮನೆಯ ತಾಯಿ. ಬಟಾಣಿ ಕಾಳಿಗಿಂತ ದೊಡ್ಡದಾದ, ಅಂದರೆ ಸುಮಾರು 1 ಸೆಂಟಿಮೀಟರ್ ದಾಟಿದ ಗಂಟನ್ನೂ, ಒಂದು ತಿಂಗಳು ಕಳೆದರೂ ಹೋಗದ ಗಂಟನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯ ಲೆಕ್ಕ.

ಎರಡೂ ಕೊಬ್ಬಿನವೇ ಎಂದಾದರೆ ಎದೆಗೂಡಿನದನ್ನು ಹಾಗೆಯೇ ಬಿಡಿ. ಅದರಿಂದ ಕರಿಯನಿಗೆ ಯಾವ ತೊಂದರೆಯೂ ಇಲ್ಲ, ತೆಗೆಸುವುದರಿಂದ ಅವನಿಗೆ ಯಾವ ಲಾಭವೂ ಇಲ್ಲ. ಆದರೆ ಕಂಕುಳಿನದರ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅದು ನಿರಪಾಯಕಾರಿಯೇ ಆಗಿದ್ದರೂ ಇರುವ ಜಾಗ ಒಳ್ಳೆಯದಲ್ಲ. ಅಲ್ಲಿ ಬೆಳೆದ ಗಂಟು ಮುಂಗಾಲಿನ ಚಲನೆಗೆ ಅಡ್ಡವಾಗುತ್ತದೆ, ನಾಯಿ ಕಾಲನ್ನು ಹೊರಗೆ ಬೀಸಿ ನಡೆಯತೊಡಗುತ್ತದೆ, ಚರ್ಮ ಉಜ್ಜಿ ಹಸಿಯಾಗುತ್ತದೆ. ಮುಂದೊಂದು ದಿನ ತೆಗೆಯಲೇಬೇಕಾಗಿ ಬಂದಾಗ ಗಂಟು ತೆಂಗಿನಕಾಯಿಯಷ್ಟಾಗಿ, ನಾಯಿಗೆ 14 ವರ್ಷವಾಗಿರುತ್ತದೆ. ತಿಂಗಳಿಂದ ತಿಂಗಳಿಗೆ ಅದು ಬೆಳೆಯುತ್ತಿದ್ದರೆ ಸಣ್ಣದಿರುವಾಗಲೇ ತೆಗೆಸಿಬಿಡುವುದು ಲೇಸು. ಬೆಳೆಯದೆ ನಿಂತಿದ್ದರೆ ಕಾಯಬಹುದು. ಇದನ್ನು ತೀರ್ಮಾನಿಸಬೇಕಾದವರು ಕರಿಯನ ನಡಿಗೆಯನ್ನು ಕಣ್ಣಾರೆ ನೋಡುವ ತಾವು ಮತ್ತು ತಮ್ಮ ವೈದ್ಯರು.

ಅರಿವಳಿಕೆಯ ಭಯ ಸಹಜವಾದದ್ದು. ಆದರೆ 12 ವರ್ಷ ಎಂಬ ಒಂದೇ ಕಾರಣಕ್ಕೆ ಅರಿವಳಿಕೆ ಕೊಡಬಾರದೆಂದಿಲ್ಲ. ನೋಡಬೇಕಾದದ್ದು ಹೃದಯ, ಮೂತ್ರಪಿಂಡ ಮತ್ತು ಯಕೃತ್ತು ಹೇಗಿವೆ ಎಂಬುದನ್ನು. ಮೊದಲೇ ರಕ್ತಪರೀಕ್ಷೆ ಮಾಡಿಸಿ, ಎದೆಯನ್ನು ಸ್ಟೆತಸ್ಕೋಪಿನಿಂದ ಸಾವಧಾನವಾಗಿ ಕೇಳಿಸಿ, ಸಂಶಯ ಬಂದರೆ ಎಕ್ಸ್‌ರೇ ಅಥವಾ ಇಸಿಜಿ ಮಾಡಿಸಿ. ಅವನು ಸ್ವಲ್ಪ ಓಡಿದರೂ ಕೆಮ್ಮುತ್ತಾನೆಯೇ, ಈಚೆಗೆ ನೀರು ಹೆಚ್ಚು ಕುಡಿಯುತ್ತಾನೆಯೇ ಎಂಬುದನ್ನು ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಿ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯ ಊಟದ ನಂತರ ಏನನ್ನೂ ತಿನ್ನಿಸಬಾರದು. ನೀರನ್ನು ಎಷ್ಟು ಹೊತ್ತಿನವರೆಗೆ ಕೊಡಬಹುದೆಂದು ವೈದ್ಯರು ಹೇಳುತ್ತಾರೆ. ಅವನ ಹಲ್ಲುಗಳಲ್ಲಿ ಕಿಟ್ಟ ಕಟ್ಟಿದ್ದರೆ ಅದೇ ಅರಿವಳಿಕೆಯಲ್ಲಿ ಹಲ್ಲು ಶುಚಿ ಮಾಡಿಸಿ, ಬೆನ್ನಿನ ಮೇಲೆ ರಕ್ತ ಬರುವ ಗುಳ್ಳೆಯನ್ನೂ ತೆಗೆಸಿದರೆ ಮತ್ತೊಮ್ಮೆ ಮಲಗಿಸುವ ಪ್ರಸಂಗ ತಪ್ಪುತ್ತದೆ. ಕೊಬ್ಬಿನ ಗಂಟು ತೆಗೆದ ಜಾಗ ಒಳಗೆ ಪೊಳ್ಳಾಗುವುದರಿಂದ ನಾಲ್ಕೈದು ದಿನಗಳಲ್ಲಿ ಅಲ್ಲಿ ನೀರು ತುಂಬಿ ಮತ್ತೆ ಊದಿಕೊಳ್ಳಬಹುದು. ಗಂಟು ಮರಳಿ ಬಂತೆಂದು ಗಾಬರಿಯಾಗದೆ ವೈದ್ಯರಿಗೆ ತೋರಿಸಿ. ಹೊಲಿಗೆ ಬಿಚ್ಚಲು 10ರಿಂದ 14 ದಿನ ಬೇಕು, ಅಲ್ಲಿಯವರೆಗೆ ಗಾಯ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿರಬೇಕು. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ದಯವಿಟ್ಟು ಕೊಡಬೇಡಿ. ಅವು ನಾಯಿಗಳ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ತೆಗೆದ ಗಂಟು ಬುಟ್ಟಿಗೆ ಹೋಗದೆ ಫಾರ್ಮಲಿನ್‌ನಲ್ಲಿ ಮುಳುಗಿ ಪ್ರಯೋಗಾಲಯಕ್ಕೆ ಹೋಗುವಂತೆ ನೋಡಿಕೊಳ್ಳಿ, ಏಕೆಂದರೆ ಸೂಜಿಗೆ ಸಿಗದ ಸಂಗತಿ ಇಡೀ ತುಂಡಿನಲ್ಲಿ ಸಿಗುವುದುಂಟು.

ಬೆನ್ನಿನ ಮೇಲಿನ ಗುಳ್ಳೆಗಳನ್ನು ನಾವು ಮಾತಿನಲ್ಲಿ ನರಹುಲಿ ಎನ್ನುತ್ತೇವಾದರೂ ಮುದಿ ನಾಯಿಗಳಲ್ಲಿ ಇವುಗಳಲ್ಲಿ ಹೆಚ್ಚಿನವು ಚರ್ಮದ ಎಣ್ಣೆಗ್ರಂಥಿಗಳು ಅತಿಯಾಗಿ ಬೆಳೆದು ಆದವು. ಹತ್ತಿರದಿಂದ ನೋಡಿದರೆ ಹೂಕೋಸಿನ ಸಣ್ಣ ತುಣುಕನ್ನು ಅಂಟಿಸಿದಂತಿರುತ್ತವೆ: ನಸುಗೆಂಪು ಅಥವಾ ತಿಳಿಹಳದಿ ಬಣ್ಣ, ಕೂದಲಿಲ್ಲದ ಮೇಲ್ಮೈ, ಸುತ್ತಲಿನ ಕೂದಲಿಗೆ ಮೆತ್ತಿಕೊಂಡ ಜಿಡ್ಡು. ಇವು ಸಾಮಾನ್ಯವಾಗಿ ಅಪಾಯವಿಲ್ಲದವು, ಆದರೆ ಹಣಿಗೆಗೂ ಪಂಜಿಗೂ ಸುಲಭವಾಗಿ ಸಿಕ್ಕಿ ರಕ್ತ ಬರಿಸಿಕೊಳ್ಳುತ್ತವೆ. ನಮ್ಮ ಮಲೆನಾಡಿನ ಹವೆಯಲ್ಲಿ ಆ ಹಸಿ ಗಾಯದ ಮೇಲೆ ನೊಣ ಕೂತು ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ, ಹುಳ ಚರ್ಮದ ಕೆಳಗೆ ತೋಡಿಕೊಂಡು ಹೋಗುತ್ತದೆ. ಕ್ಯಾನ್ಸರಲ್ಲದ ಗುಳ್ಳೆಯಿಂದ ಜೀವಕ್ಕೆ ಅಪಾಯ ತಂದುಕೊಂಡ ಮುದಿ ನಾಯಿಗಳನ್ನು ನಾನು ನೋಡಿರುವುದು ಹೀಗೆಯೇ. ಆದ್ದರಿಂದ ರಕ್ತ ಬಂದ ದಿನವೇ ಉಗುರುಬೆಚ್ಚನೆಯ ಉಪ್ಪುನೀರಿನಿಂದ ತೊಳೆದು, ಸುತ್ತಲಿನ ಕೂದಲನ್ನು ಕತ್ತರಿಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ನಾಯಿ ನೆಕ್ಕದಂತೆ ನೋಡಿಕೊಂಡು, ಗಾಯ ಆರುವವರೆಗೆ ದಿನಕ್ಕೆರಡು ಬಾರಿ ಬೆಳಕಿನಲ್ಲಿ ನೋಡಿ. ಪದೇ ಪದೇ ರಕ್ತ ಬರುವ ಗುಳ್ಳೆಯನ್ನು ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯಲೂ ಬರುತ್ತದೆ.

ತೂಕದ ಮಾತನ್ನೂ ಹೇಳಿಬಿಡುತ್ತೇನೆ. ಆಹಾರ ಕಡಿಮೆ ಮಾಡಿದರೆ ಕೊಬ್ಬಿನ ಗಂಟು ಕರಗುತ್ತದೆ ಎಂಬ ನಂಬಿಕೆ ಇದೆ. ಅದು ಕರಗುವುದಿಲ್ಲ, ಸುತ್ತಲಿನ ಕೊಬ್ಬು ಇಳಿದಾಗ ಗಂಟು ಮೊದಲಿಗಿಂತ ಎದ್ದು ಕಾಣುವುದೂ ಉಂಟು. ಆದರೂ 38 ಕಿಲೋ ಹೊತ್ತಿರುವ ಮುದಿ ಲ್ಯಾಬ್ರಡಾರಿನ ಕೀಲುಗಳಿಗೂ ಹೃದಯಕ್ಕೂ ಕೆಲವು ಕಿಲೋ ಇಳಿಸುವುದು ದೊಡ್ಡ ಉಪಕಾರ. ಅಡುಗೆಮನೆಯಿಂದ ಹೋಗುವ ದೋಸೆ, ಚಪಾತಿ, ರಸ್ಕುಗಳನ್ನು ನಿಲ್ಲಿಸುವುದರಿಂದಲೇ ಆರಂಭಿಸಿ.

ಇನ್ನು ತಾವು ಶಿಕ್ಷಕರಾಗಿದ್ದವರು, ಪಟ್ಟಿ ಬರೆದಿಡುವುದು ತಮಗೆ ಕಷ್ಟವಲ್ಲ. ಒಂದು ನೋಟ್‌ಪುಸ್ತಕದಲ್ಲಿ ನಾಯಿಯ ಮೈಯ ಎಡ ಮತ್ತು ಬಲ ಬದಿಯ ಚಿತ್ರ ಬಿಡಿಸಿ, ಪ್ರತಿ ಗಂಟಿಗೂ ಒಂದು ಸಂಖ್ಯೆ ಕೊಟ್ಟು, ಪಕ್ಕದಲ್ಲಿ ದಿನಾಂಕ ಮತ್ತು ಮಿಲಿಮೀಟರಿನಲ್ಲಿ ಅಗಲ ಬರೆಯಿರಿ. ಗಂಟಿನ ಪಕ್ಕ ಒಂದು ರೂಪಾಯಿಯ ನಾಣ್ಯ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಗಾತ್ರದ ವಿಷಯದಲ್ಲಿ ಜ್ಞಾಪಕ ಮೋಸ ಮಾಡುವುದಿಲ್ಲ. ತಿಂಗಳಿಗೊಮ್ಮೆ, ಕರೆಂಟ್ ಬಿಲ್ ಬಂದ ದಿನವೆಂದು ಗೊತ್ತು ಮಾಡಿಕೊಂಡರೆ ಮರೆಯುವುದೂ ಇಲ್ಲ, ಗದ್ದದ ಕೆಳಗಿನಿಂದ ಬಾಲದ ಬುಡದವರೆಗೆ, ಬೆರಳುಗಳ ಸಂದುಗಳನ್ನೂ ಬಿಡದೆ ಸವರಿ ನೋಡಿ. ಕೆಲವು ವಾರಗಳಲ್ಲಿ ಗಾತ್ರ ಇಮ್ಮಡಿಯಾದರೆ, ಜಾರುತ್ತಿದ್ದದ್ದು ಅಂಟಿಕೊಂಡಂತಾದರೆ, ಗಟ್ಟಿಯಾದರೆ, ಬಣ್ಣ ಬದಲಾದರೆ, ತಾನಾಗಿ ಒಡೆದರೆ, ಹಳೆಯ ವರದಿ ಏನೇ ಇದ್ದರೂ ಮತ್ತೆ ಸೂಜಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ಊರುನಾಯಿಗೆ 9 ವರ್ಷ. ಅದರ ಕುತ್ತಿಗೆಯ ಮೇಲೆ ತೊಟ್ಟಿನಿಂದ ನೇತಾಡುವ ನರಹುಲಿ ಇದೆ. ಕುದುರೆ ಬಾಲದ ಕೂದಲು ಕಟ್ಟಿದರೆ ತಾನಾಗಿ ಉದುರುತ್ತದೆ, ಇಲ್ಲವಾದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಎಂದು ನೆರೆಮನೆಯ ಅಜ್ಜಿ ಹೇಳುತ್ತಾರೆ. ಮಾಡಬಹುದೇ? ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗು ಸದಾ ಅದರ ಜೊತೆಗೇ ಇರುತ್ತದೆ, ಮಗುವಿಗೆ ಅಂಟೀತೇ? – ಓದುಗರು, ಪುತ್ತೂರು

ಉತ್ತರ: ಎರಡೂ ಬೇಡ. ಅಜ್ಜಿಯವರು ತಮ್ಮ ಕಾಲದಲ್ಲಿ ಮನುಷ್ಯರ ಕೈಕಾಲಿನ ನರಹುಲಿಗೆ ಮಾಡಿದ್ದನ್ನೇ ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ. ಆದರೆ ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವ ವಸ್ತು ಎಂಬುದು ಗೇರುಬೀಜ ಸುಲಿದು ಕೈ ಸುಟ್ಟುಕೊಂಡ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು. ಕೂದಲಿನ ನಡುವೆ ಎಣ್ಣೆ ಹರಡಿ ಗುಳ್ಳೆಗಿಂತ ದೊಡ್ಡ ಹುಣ್ಣಾಗುತ್ತದೆ, ನೆಕ್ಕಿದರೆ ಬಾಯಿಯೂ ಸುಡುತ್ತದೆ. ಸುಣ್ಣ ಹಚ್ಚುವುದಕ್ಕೂ, ಅಂಗಡಿಯಲ್ಲಿ ಸಿಗುವ ಆಣಿಯ ಔಷಧಕ್ಕೂ ಇದೇ ಮಾತು. ದಾರ ಅಥವಾ ಕೂದಲು ಕಟ್ಟಿದಾಗ ರಕ್ತ ಸಂಚಾರ ನಿಂತು ಆ ತುಂಡು ಮೈಮೇಲೆಯೇ ಕೊಳೆಯುತ್ತದೆ, ನಾಯಿಗೆ ದಿನಗಟ್ಟಲೆ ನೋವಾಗುತ್ತದೆ, ನೊಣ ಮುತ್ತುತ್ತದೆ, ಬುಡದ ಭಾಗ ಉಳಿದೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಉದುರಿಹೋದದ್ದು ಏನಾಗಿತ್ತೆಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ತೊಟ್ಟಿನಿಂದ ನೇತಾಡುವ ಮೃದುವಾದ ಚರ್ಮದ ತುಣುಕು ಸಾಮಾನ್ಯವಾಗಿ ನಿರುಪದ್ರವಿಯಾದದ್ದು. ಕೊರಳಪಟ್ಟಿಗೆ ಉಜ್ಜುತ್ತಿದ್ದರೆ ವೈದ್ಯರು ಅದನ್ನು ಕೆಲವೇ ನಿಮಿಷಗಳಲ್ಲಿ ತೆಗೆದುಕೊಡುತ್ತಾರೆ.

ಮೊಮ್ಮಗುವಿನ ಬಗ್ಗೆ ಚಿಂತೆ ಬೇಡ. ನಾಯಿಗಳಲ್ಲಿ ನಿಜವಾದ ನರಹುಲಿ ಉಂಟುಮಾಡುವ ವೈರಸ್ ನಾಯಿಗಳಿಗೇ ಸೀಮಿತ, ಅದು ಮನುಷ್ಯರಿಗೆ ಹತ್ತುವುದಿಲ್ಲ. ಆ ಬಗೆಯ ನರಹುಲಿ ಹೆಚ್ಚಾಗಿ ಎಳೆಯ ನಾಯಿಗಳ ಬಾಯಿ, ತುಟಿಗಳಲ್ಲಿ ಗುಂಪುಗುಂಪಾಗಿ ಎದ್ದು ಕೆಲವು ವಾರಗಳಿಂದ ಒಂದೆರಡು ತಿಂಗಳಲ್ಲಿ ತಾನಾಗಿ ಉದುರಿಹೋಗುತ್ತದೆ. ಮಗುವಿಗೆ ಒಂದು ಮಾತು ಹೇಳಿಕೊಡಿ: ಗುಳ್ಳೆಯನ್ನು ಉಣುಗು ಎಂದು ತಿಳಿದು ಕೀಳಬಾರದು. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಗುಳ್ಳೆಯನ್ನು, ಗಂಡು ನಾಯಿಯ ಮೊಲೆತೊಟ್ಟನ್ನು ಸಹ, ಉಣುಗೆಂದು ಎಳೆದು ಗಾಯ ಮಾಡಿಕೊಂಡು ಬರುತ್ತಾರೆ. ಉಣುಗಿಗೆ ಚರ್ಮದ ಹತ್ತಿರ ಕಾಲುಗಳು ಕಾಣುತ್ತವೆ. ಕಾಲು ಕಾಣದಿದ್ದರೆ ಕೈ ಹಾಕಬೇಡಿ.

ಪ್ರಶ್ನೆ: 11 ವರ್ಷದ ಕಾಕರ್ ಸ್ಪ್ಯಾನಿಯಲ್ ನಾಯಿಯ ಮೇಲಿನ ರೆಪ್ಪೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟಿದ್ದ ಗುಳ್ಳೆ ಆರು ತಿಂಗಳಲ್ಲಿ ಮೆಣಸಿನಕಾಳಿನಷ್ಟಾಗಿದೆ. ಕಣ್ಣಿನಿಂದ ನೀರು ಬರುತ್ತದೆ. ಮೆಡಿಕಲ್ ಅಂಗಡಿಯಿಂದ ತಂದ ಕಣ್ಣಿನ ಹನಿ ಹಾಕುತ್ತಿದ್ದೇವೆ. – ಗೃಹಿಣಿ, ಹುಬ್ಬಳ್ಳಿ

ಉತ್ತರ: ಅಮ್ಮಾ, ಆ ಹನಿಯನ್ನು ಇಂದೇ ನಿಲ್ಲಿಸಿ ಬಾಟಲಿಯನ್ನು ವೈದ್ಯರಿಗೆ ತೋರಿಸಿ. ಅಂಗಡಿಯಲ್ಲಿ ಸಿಗುವ ಹಲವು ಕಣ್ಣಿನ ಹನಿಗಳಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬೆರೆತಿರುತ್ತದೆ. ಗುಳ್ಳೆ ಉಜ್ಜಿ ಕಣ್ಣಿನ ಪಾರದರ್ಶಕ ಪದರದ ಮೇಲೆ ಆಗಲೇ ಹುಣ್ಣಾಗಿದ್ದರೆ ಅಂಥ ಹನಿ ಹುಣ್ಣನ್ನು ಆಳಕ್ಕೆ ಇಳಿಸಿ ಕಣ್ಣನ್ನೇ ಕಳೆದುಬಿಡಬಹುದು. ಹುಣ್ಣಾಗಿದೆಯೇ ಎಂದು ತಿಳಿಯಲು ವೈದ್ಯರು ಕಣ್ಣಿಗೆ ಒಂದು ಬಣ್ಣ ಹಾಕುತ್ತಾರೆ. ಹುಣ್ಣಿರುವ ಕಡೆ ಮಾತ್ರ ಹಸಿರು ಬಣ್ಣ ನಿಲ್ಲುತ್ತದೆ.

ಗುಳ್ಳೆಯ ಬಗ್ಗೆ ಹೇಳುವುದಾದರೆ, ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಎಣ್ಣೆಗ್ರಂಥಿಗಳಿಂದ ಇದು ಏಳುತ್ತದೆ. ಮುದಿ ನಾಯಿಗಳ ರೆಪ್ಪೆಯ ಗುಳ್ಳೆಗಳಲ್ಲಿ ಬಹುಪಾಲು ಕ್ಯಾನ್ಸರಲ್ಲದವು. ಆದರೂ ಸಾಗರದ ಮೇಷ್ಟ್ರಿಗೆ ಎದೆಯ ಗಂಟನ್ನು ಬಿಡಿ ಎಂದ ನಾನು ನಿಮಗೆ ಇದನ್ನು ಬೇಗ ತೆಗೆಸಿ ಎನ್ನುತ್ತೇನೆ. ನಾಯಿ ರೆಪ್ಪೆ ಬಡಿದಾಗಲೆಲ್ಲ ಈ ಗುಳ್ಳೆ ಕಣ್ಣನ್ನು ಉಜ್ಜುತ್ತದೆ, ದಿನಕ್ಕೆ ಸಾವಿರಾರು ಸಲ. ರೆಪ್ಪೆಯ ಉದ್ದದ ಸುಮಾರು ಮೂರನೆಯ ಒಂದು ಭಾಗದವರೆಗೆ ಕತ್ತರಿಸಿ ನೇರವಾಗಿ ಹೊಲಿಯಬಹುದು. ಅದನ್ನು ಮೀರಿ ಬೆಳೆದರೆ ಪಕ್ಕದ ಚರ್ಮವನ್ನು ಎಳೆದು ರೆಪ್ಪೆ ಕಟ್ಟಿಕೊಡುವ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮೆಣಸಿನಕಾಳಿನಷ್ಟಿರುವಾಗ ಅದು ಸಣ್ಣ ಕೆಲಸ.

ಪ್ರಶ್ನೆ: ಸಂತಾನಹರಣ ಮಾಡಿಸದ 10 ವರ್ಷದ ಗಂಡು ಪೊಮೇರಿಯನ್. ಗುದದ್ವಾರದ ಸುತ್ತ ಮೂರು ಸಣ್ಣ ಗಂಟುಗಳು, ಒಂದು ಒಡೆದು ಆಗಾಗ ರಕ್ತ ಸೋರುತ್ತದೆ. ಮೂಲವ್ಯಾಧಿಯೇ? – ಓದುಗರು, ಮೈಸೂರು

ಉತ್ತರ: ನಾಯಿಗಳಿಗೆ ಮನುಷ್ಯರಂತೆ ಮೂಲವ್ಯಾಧಿ ಆಗುವುದಿಲ್ಲವೆಂದೇ ಹೇಳಬಹುದು. ಬೀಜ ತೆಗೆಸದ ಮುದಿ ಗಂಡು ನಾಯಿಗಳಲ್ಲಿ ಗುದದ ಸುತ್ತಲಿನ ಗ್ರಂಥಿಗಳು ಗಂಡು ಹಾರ್ಮೋನಿನ ಪ್ರಭಾವದಿಂದ ಹೀಗೆ ಬೆಳೆಯುತ್ತವೆ. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ. ಇದರ ಮುಖ್ಯ ಚಿಕಿತ್ಸೆ ಬೀಜ ತೆಗೆಯುವುದೇ. ಹಾರ್ಮೋನು ನಿಂತ ಮೇಲೆ ಬಹುತೇಕ ಗಂಟುಗಳು ವಾರಗಳಿಂದ ತಿಂಗಳುಗಳಲ್ಲಿ ಕುಗ್ಗುತ್ತವೆ. ಒಡೆದಿರುವುದನ್ನು ಅದೇ ಸಮಯದಲ್ಲಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು, ಏಕೆಂದರೆ ಇದೇ ಗ್ರಂಥಿಗಳಲ್ಲಿ ಕ್ಯಾನ್ಸರ್ ಆಗುವುದೂ ಉಂಟು, ಅದು ಬೀಜ ತೆಗೆದುದರಿಂದ ಕುಗ್ಗುವುದಿಲ್ಲ. ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಒಳಗೂ ಪರೀಕ್ಷಿಸಲಿ. ಗುದದ್ವಾರವನ್ನು ಗಡಿಯಾರದ ಮುಖವೆಂದುಕೊಂಡರೆ 4 ಮತ್ತು 8 ಗಂಟೆಯ ಜಾಗದಲ್ಲಿ ಚರ್ಮದ ಕೆಳಗೆ ಎರಡು ಚೀಲಗಳಿರುತ್ತವೆ. ಅಲ್ಲಿ ಏಳುವ ಗಂಟು ಬೇರೆ ಜಾತಿಯದು, ಬೇಗ ಹರಡುವಂಥದು. ನಾಯಿ ಈಚೆಗೆ ಅತಿಯಾಗಿ ನೀರು ಕುಡಿಯುತ್ತಿದ್ದರೆ ಆ ಸಂಶಯ ಬಲವಾಗುತ್ತದೆ. ಹಾಗಿದ್ದಲ್ಲಿ ರಕ್ತದ ಕ್ಯಾಲ್ಸಿಯಂ ಪರೀಕ್ಷೆಯನ್ನೂ ಕೇಳಿ.

ಪ್ರಶ್ನೆ: 10 ವರ್ಷದ ಹೆಣ್ಣು ನಾಯಿ, ಸಂತಾನಹರಣ ಮಾಡಿಸಿಲ್ಲ. ಹಿಂದಿನ ಮೊಲೆಯ ಪಕ್ಕ ಅಡಿಕೆಯಷ್ಟು ಗಟ್ಟಿ ಗಂಟು. ಅದೂ ಕೊಬ್ಬೇ ಇರಬೇಕು, ಆರು ತಿಂಗಳು ಕಾಯೋಣವೇ? – ಓದುಗರು, ದಾವಣಗೆರೆ

ಉತ್ತರ: ಕಾಯಬೇಡಿ. ಈ ಪುಟದಲ್ಲಿ ನಾನು ಬರೆದ ಸಮಾಧಾನದ ಮಾತುಗಳಾವುವೂ ಮೊಲೆಯ ಗಂಟಿಗೆ ಅನ್ವಯಿಸುವುದಿಲ್ಲ. ಹೆಣ್ಣು ನಾಯಿಗಳ ಸ್ತನದ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ, ಸಣ್ಣದಿರುವಾಗ ತೆಗೆದವುಗಳ ಫಲಿತಾಂಶ ದೊಡ್ಡದಾದ ಮೇಲೆ ತೆಗೆದವುಗಳಿಗಿಂತ ಬಹಳ ಚೆನ್ನಾಗಿರುತ್ತದೆ. ಎರಡೂ ಬದಿಯ ಮೊಲೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎದೆಯ ಎಕ್ಸ್‌ರೇ ತೆಗೆಸಿ ಶ್ವಾಸಕೋಶ ಸ್ವಚ್ಛವಾಗಿದೆಯೆಂದು ಖಚಿತಪಡಿಸಿಕೊಂಡು ಈ ತಿಂಗಳಲ್ಲೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ.

ಪ್ರಶ್ನೆ: ನಮ್ಮ 9 ವರ್ಷದ ಗ್ರೇಟ್ ಡೇನ್ ನಾಯಿಯ ಎರಡೂ ಮೊಣಕೈಗಳ ಮೇಲೆ ನೀರು ತುಂಬಿದ ಚೀಲದಂಥ ಊತ. ಒಮ್ಮೆ ಸಿರಿಂಜಿನಿಂದ ನೀರು ತೆಗೆಸಿದೆವು, ಹದಿನೈದೇ ದಿನಗಳಲ್ಲಿ ಮತ್ತೆ ತುಂಬಿಕೊಂಡಿತು. ಇದೂ ಗಡ್ಡೆಯೇ? – ಓದುಗರು, ಬೆಂಗಳೂರು

ಉತ್ತರ: ಅಲ್ಲ, ಇದು ನೆಲದ ಪೆಟ್ಟು. ಭಾರದ ನಾಯಿ ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಪ್ರತಿ ಸಲ ಧೊಪ್ಪನೆ ಕೂತಾಗಲೂ ಮೊಣಕೈಯ ಮೂಳೆ ಮತ್ತು ನೆಲದ ನಡುವೆ ಚರ್ಮ ಜಜ್ಜಿ, ದೇಹ ಅಲ್ಲಿ ನೀರಿನ ಮೆತ್ತೆಯೊಂದನ್ನು ಕಟ್ಟಿಕೊಳ್ಳುತ್ತದೆ. ಕಾರಣ ಹಾಗೆಯೇ ಇರುವಾಗ ನೀರು ತೆಗೆದರೆ ಮತ್ತೆ ತುಂಬುತ್ತದೆ, ಪದೇ ಪದೇ ಸೂಜಿ ಹಾಕಿದರೆ ಕೀವಾಗುತ್ತದೆ. ನೋವು, ಬಿಸಿ, ಕೀವು ಇಲ್ಲದಿದ್ದರೆ ಸೂಜಿಯನ್ನು ಬಿಟ್ಟು ಹಾಸಿಗೆಯನ್ನು ಸರಿಪಡಿಸಿ. ಎರಡು ಗೋಣಿಚೀಲಗಳಿಗೆ ದಪ್ಪ ಫೋಮ್ ತುಂಬಿ ಹೊಲಿದು, ಮೇಲೊಂದು ಹಳೆಯ ಜಮಖಾನ ಹಾಸಿ, ಅವನು ದಿನವೂ ಮಲಗಲು ಆರಿಸಿಕೊಳ್ಳುವ ಜಾಗಗಳಲ್ಲೇ ಇಡಿ. ಮುದಿ ನಾಯಿಗಳು ಹಾಸಿಗೆ ಸೆಕೆಯೆಂದು ತಣ್ಣನೆಯ ನೆಲಕ್ಕೇ ಹೋಗುವುದರಿಂದ ಹಾಸಿಗೆಯನ್ನು ಫ್ಯಾನಿನ ಕೆಳಗೆ ಹಾಕಬೇಕು. ಊತ ಇಳಿಯಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಚರ್ಮ ಒಡೆದರೆ ಅಥವಾ ಅವನು ಕುಂಟಿದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.